ಅಜ್ಜಿಯ ತಣ್ಣಿ, ಅಜ್ಜಿಯ ಕಿಣರು

ನಾನು ಮೈಸೂರಿನಿಂದ ಹೋಗಿ ಟೀಚರಾಗಿ ಸೇರಿದ ತಮಿಳುನಾಡಿನ ಧಾರಾಪುರದ ಶಾಲೆಯಲ್ಲಿ ಆಗ ಇದ್ದದ್ದು ಒಂದೇ ಕಂಪ್ಯೂಟರ್. ಪುಸ್ತಕದ ರಾಜರ ಪಾಠ ಬಂದರೆ ನಾಲ್ಕನೇ ತರಗತಿಯ ಮಕ್ಕಳು ಆಕಳಿಸುತ್ತಿದ್ದರು. ಅದಕ್ಕೇ, ಮನೆಯ ಹಳೇ ಫೋಟೊ ತನ್ನಿ, ಹಿರಿಯರ ಮಾತು ರೆಕಾರ್ಡ್ ಮಾಡಿ ಪರದೆಯ ಮೇಲೆ ಊರಿನ ಕಥೆ ಕಟ್ಟೋಣ ಎಂದೆ.

ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡ ಮನೆಯ ಹುಡುಗಿಯೊಬ್ಬಳು ಅಜ್ಜಿಯನ್ನೇ ಕರೆತಂದಳು. ಅಜ್ಜಿ ಮೈಕಿಗೆ ಬಾಯಿ ತಾಗಿಸಿ ಹೇಳಿದರು: “ಇಲ್ಲಿ ತಣ್ಣಿ ಇರ್ಲಿಲ್ಲ ಕಣ್ಣು. ನಮ್ಮಪ್ಪ ಕಿಣರು ತೋಡ್ದ. ಆಮೇಲೇ ಈ ಊರು ನಮ್ದಾಯ್ತು.”

ನೀರಿಗೆ ತಣ್ಣಿ, ಬಾವಿಗೆ ಕಿಣರು, ಮಗೂ ಅನ್ನಲು ಕಣ್ಣು! ನನಗೆ ಮೈಯೆಲ್ಲ ಉರಿಯಿತು. ತಮಿಳು ಪದಗಳನ್ನೆಲ್ಲ ಕಿತ್ತುಹಾಕಿ, ಅಚ್ಚ ಕನ್ನಡದಲ್ಲಿ ನಾನೇ ಓದಿ, ಅಜ್ಜಿಯ ಫೋಟೊಗೆ ನನ್ನ ದನಿ ಕೂರಿಸಿದೆ. ಕೇಳುವವರು ತಮಿಳು ಮಕ್ಕಳೆಂಬುದೂ ಆ ಸಿಟ್ಟಿನಲ್ಲಿ ಮರೆತುಹೋಗಿತ್ತು.

ಮರುದಿನ ತರಗತಿಯಲ್ಲಿ ತೋರಿಸಿದಾಗ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು. ಹುಡುಗಿ ಎದ್ದು ನಿಂತು ಕೇಳಿದಳು: “ಟೀಚರ್, ನಮ್ಮಜ್ಜಿ ಎಲ್ಲಿ?”

ಕೆನ್ನೆಗೆ ಹೊಡೆದ ಹಾಗಾಯಿತು. ಪುಣ್ಯಕ್ಕೆ ಅಜ್ಜಿಯ ದನಿಯನ್ನು ಅಳಿಸಿರಲಿಲ್ಲ, ಅದನ್ನೇ ಹಾಕಿದೆ. ತಣ್ಣಿ, ಕಿಣರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಡೀ ತರಗತಿ ಮುಂದಕ್ಕೆ ಬಾಗಿತು. ಯಾರು ತೋಡಿದ್ದು, ಎಷ್ಟು ಆಳ, ಈಗಲೂ ಇದೆಯಾ ಎಂದು ತಮಿಳಿನಲ್ಲಿ ಪ್ರಶ್ನೆಗಳ ಸುರಿಮಳೆಯಾಯಿತು.

ಸಂಜೆ ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿಯ ಮುಂದೆ ತಪ್ಪೊಪ್ಪಿಕೊಂಡೆ. ಅವರು ಬೊಚ್ಚುಬಾಯಿ ತುಂಬ ನಕ್ಕರು.

“ಪರ್ವಾಯಿಲ್ಲ ಕಣ್ಣು. ನಮ್ ತಣ್ಣಿ ಕುಡೀತಾ ಇದ್ದೀಯಲ್ಲ, ನಿನ್ಗೂ ಮಾತು ಬರ್ತದೆ.”