ನಿದ್ದೆ ಮಾಡುವ ಗಂಟೆ

ಪುಟ್ಟಿಯ ಭಾವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಬೀಪ್ ಮಾವ. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಕಾರ್ಖಾನೆಯ ಗೇಟಿನ ಪಕ್ಕದ ತೂಕದ ಕೋಣೆಯಲ್ಲಿ ಅವನಿಗೆ ಕೆಲಸ. ಲಾರಿ ಒಳಗೆ ಬಂದಾಗ ಒಂದು ಬಟನ್ ಒತ್ತುವುದು, ಹೊರಗೆ ಹೋಗುವಾಗ ಅದೇ ಬಟನ್ನನ್ನು ಇನ್ನೊಮ್ಮೆ ಒತ್ತುವುದು. ಅಷ್ಟು ಮಾಡಿ ಸಂಜೆ ಮನೆಗೆ ಬರುವಾಗ ಮಾತ್ರ ಲಾರಿಗಳನ್ನೆಲ್ಲ ತಾನೇ ಹೊತ್ತು ಇಳಿಸಿದವನ ಹಾಗೆ ಉಸ್ಸೆಂದು ಕುರ್ಚಿಗೆ ಬೀಳುತ್ತಿದ್ದ.

ಕುರ್ಚಿಯೂ ಅವನದಲ್ಲ, ಮನೆಯೂ ಅವನದಲ್ಲ. ಮನೆ ಅಮ್ಮನದು. ಮದುವೆಯಾದ ಹೊಸದರಲ್ಲಿ, ಬೇರೆ ಮನೆ ಸಿಗುವವರೆಗೆ ನಾಲ್ಕು ದಿನ ಇರುತ್ತೇವೆ ಎಂದು ಅಕ್ಕನ ಜೊತೆ ಬಂದವನು, ಮನೆ ಹುಡುಕುವುದನ್ನು ಮರೆತು ಊಟದ ಮೇಜನ್ನು ಹುಡುಕಿಕೊಂಡ. ಈಗ ಆ ಮೇಜಿನ ಮೇಲೆ ಯಾರೂ ಊಟ ಮಾಡುವುದಿಲ್ಲ. ಅಲ್ಲಿ ತಂತಿ, ಸೆಲ್ಲು, ಸಕ್ಕರೆ ಡಬ್ಬಿಯಲ್ಲಿ ತುಂಬಿಸಿಟ್ಟ ಸಣ್ಣ ಸ್ಕ್ರೂಗಳು, ಬೆಸುಗೆ ಹಾಕುವಾಗ ಸುಟ್ಟ ಕಪ್ಪು ಚುಕ್ಕೆಗಳು. ಅಲ್ಲಿ ಹುಟ್ಟಿದ ಆವಿಷ್ಕಾರಗಳನ್ನು ಮನೆಯವರು ಸಹಿಸಿಕೊಂಡಿದ್ದರು. ಗಿಡಕ್ಕೆ ತಾನಾಗಿ ನೀರುಣಿಸುವ ಯಂತ್ರ ಗಿಡವನ್ನು ಮುಳುಗಿಸಿ ಕೊಂದಿತು. ಯಾರಾದರೂ ಬಂದರೆ ಹತ್ತಿ, ಅಲುಗಾಟ ನಿಂತರೆ ಆರುವ ದೀಪವನ್ನು ಕಕ್ಕಸಿನಲ್ಲಿ ಹಾಕಿದ ಮೇಲೆ, ಒಳಗೆ ಕೂತವರು ಕತ್ತಲಾದಾಗಲೆಲ್ಲ ಕೈ ಬೀಸಿಕೊಳ್ಳಬೇಕಾಯಿತು.

ಪುಟ್ಟಿ ಹಿಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಭಾವನ ಬಗ್ಗೆ ಅವಳಿಗಿದ್ದ ಕೊನೆಯ ಗೌರವ ಹೋದದ್ದು ಒಂದು ಕತ್ತರಿಯ ವಿಷಯದಲ್ಲಿ.

"ಭಾವ, ನನ್ನ ಕತ್ತರೀಲಿ ತಂತಿ ಕತ್ತರಿಸಿದ್ರಾ?"

"ಒಂದೇ ಒಂದು ತಂತಿ ಕಣಮ್ಮ. ಅದೂ ಕೂದಲಿನಷ್ಟು ತೆಳ್ಳಗಿತ್ತು."

"ಅದೀಗ ಬಟ್ಟೆ ಕತ್ತರಿಸ್ತಾ ಇಲ್ಲ, ಅಗೀತಾ ಇದೆ."

"ಒಂದು ಕತ್ತರಿಗೆ ಯಾರಾದ್ರೂ ಇಷ್ಟು ಮುಖ ಊದಿಸ್ಕೋತಾರಾ? ನಾಳೆ ನಾನು ಹೆಸರು ಮಾಡಿದ್ರೆ ಇದೇ ಕತ್ತರೀನ ಗಾಜಿನ ಪೆಟ್ಟಿಗೇಲಿಟ್ಟು ತೋರಿಸ್ತಾರೆ."

"ಅಲ್ಲೀವರೆಗೂ ಹಲ್ಲಲ್ಲಿ ಹರ್ಕೊಂಡು ಹೊಲೀಲಾ?" ಎಂದಳು ಪುಟ್ಟಿ. ಅವನು ಆಗಲೇ ಮೇಜಿನ ಕಡೆ ತಿರುಗಿದ್ದ.

ಅಮ್ಮನಿಗೆ ಲಕ್ವ ಹೊಡೆದದ್ದು ಆ ವರ್ಷವೇ. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಉಳಿದದ್ದು ಎಡಗೈ, ಒಂದು ಚಮಚ ಮತ್ತು ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ತಟ್ಟೆ. ಆ ಮೂರರಲ್ಲೇ ಅಮ್ಮ ಒಂದು ಭಾಷೆ ಕಟ್ಟಿಕೊಂಡಳು. ಒಂದೇ ಪೆಟ್ಟು ಎಂದರೆ ನೀರು. ಬಿಡದೆ ಬಡಿದರೆ ಬೇಗ ಬಾ, ಬಚ್ಚಲಿಗೆ ಹೋಗಬೇಕು. ಕೆಲವು ಮಧ್ಯಾಹ್ನ ಏನೂ ಬೇಡದಿದ್ದರೂ ಹೊಲಿಗೆ ಯಂತ್ರದ ಸದ್ದಿಗೆ ಸರಿಯಾಗಿ ಮೆಲ್ಲಗೆ ತಟ್ಟುತ್ತಿದ್ದಳು. ಪುಟ್ಟಿ ಯಂತ್ರ ನಿಲ್ಲಿಸಿದರೆ ಅಮ್ಮನೂ ನಿಲ್ಲಿಸುತ್ತಿದ್ದಳು. ಮತ್ತೆ ತುಳಿದರೆ ಮತ್ತೆ ತಟ್ಟುತ್ತಿದ್ದಳು. ಗೋಡೆಯ ಆಚೆ ಈಚೆ ಕೂತು ತಾಯಿ ಮಗಳು ಹೀಗೆ ಹರಟುತ್ತಿದ್ದರು.

ಭಾವನಿಗೆ ಆ ಸದ್ದು ಹಿಡಿಸಲಿಲ್ಲ. "ಯಾರಾದ್ರೂ ಮನೆಗೆ ಬಂದ್ರೆ ಏನಂದ್ಕೋತಾರೆ? ಜೈಲಲ್ಲಿ ಊಟದ ಗಂಟೆ ಬಾರಿಸಿದ ಹಾಗಿದೆ. ನಾನಿರೋವಾಗ ಅತ್ತೆ ಚಮಚ ಬಡೀಬೇಕಾ?" ಎಂದು ಎದೆ ಉಬ್ಬಿಸಿಕೊಂಡು ಮೇಜಿಗೆ ಕುಳಿತ.

ಕೆಲವು ವಾರ ಮನೆಯಲ್ಲಿ ಸುಟ್ಟ ವಾಸನೆ ಸುಳಿದಾಡಿದ ಮೇಲೆ ಎರಡು ಡಬ್ಬಿಗಳು ಹೊರಬಂದವು. ಎರಡರೊಳಗೂ ಉಗುರಿನಷ್ಟು ಮೈಕ್ರೋಕಂಟ್ರೋಲರ್. ಬರೆದುಕೊಟ್ಟ ಆದೇಶವನ್ನು ಚಾಚೂ ತಪ್ಪದೆ ಪಾಲಿಸುವ ಚಿಪ್. ಸೋಪಿನ ಡಬ್ಬಿಗೆ ಕೆಂಪು ಬಟನ್ ಕೂರಿಸಿದ್ದು ಅಮ್ಮನಿಗೆ. ಒತ್ತಿದರೆ ಸುದ್ದಿ ಹೋಗುತ್ತದೆ, ಹೋಗಿದೆ ಎನ್ನಲು ಹಸಿರು ದೀಪ ಹತ್ತುತ್ತದೆ. ಇನ್ನೊಂದು ಡಬ್ಬಿ ಹೊಲಿಗೆ ಯಂತ್ರದ ಪಕ್ಕ ಕೂತು ಸುದ್ದಿ ಬಂದಾಗ ಬೀಪ್ ಎನ್ನುತ್ತದೆ. ಚಮಚ ಅಡುಗೆಮನೆಗೆ ವಾಪಸು ಹೋಯಿತು. ತಟ್ಟೆ ಮಾತ್ರೆ ಇಡಲೆಂದು ಅಲ್ಲೇ ಉಳಿಯಿತು.

ಮೊದಮೊದಲು ಅಮ್ಮ ಒತ್ತಿದೊಡನೆ ಡಬ್ಬಿ ಕೂಗುತ್ತಿತ್ತು. ಭಾವ ಅದರ ಚಿತ್ರವನ್ನು ಫೋನಿನಲ್ಲಿ ತನ್ನಂಥವರ ಗುಂಪಿಗೆ ಕಳಿಸಿದ. ಅಲ್ಲಿ ಯಾರೋ ತನ್ನ ಡಬ್ಬಿ ಒಂದೇ ಸೆಲ್ಲಿನಲ್ಲಿ ಆರು ತಿಂಗಳು ನಡೆಯುತ್ತದೆ ಎಂದು ಬರೆದ. ಅಂದಿನಿಂದ ಭಾವನಿಗೆ ಊಟ ರುಚಿಸಲಿಲ್ಲ. ಪುಟ್ಟಿಯ ಡಬ್ಬಿಯನ್ನು ಮತ್ತೆ ಮೇಜಿಗೆ ಒಯ್ದು, ಏನೋ ಬದಲಾಯಿಸಿ ತಂದಿಟ್ಟ. "ಚೂರು ಸುಧಾರಣೆ ಅಷ್ಟೆ. ಇನ್ನು ಒಂದು ವರ್ಷ ಸೆಲ್ ಮುಟ್ಟೋ ಹಾಗಿಲ್ಲ," ಎಂದ.

ಆಮೇಲೆ ಅಮ್ಮ ಕೆಟ್ಟಳು. ಹಾಗೆಂದೇ ಮನೆಯವರೆಲ್ಲ ತಿಳಿದದ್ದು. ಹಾಸಿಗೆ ಮತ್ತೆ ಮತ್ತೆ ಒದ್ದೆಯಾಗತೊಡಗಿತು. ಡಬ್ಬಿ ಕೂಗಿತೆಂದು ಪುಟ್ಟಿ ಓಡಿಹೋದರೆ ಎಲ್ಲ ಆಗಿಹೋಗಿರುತ್ತಿತ್ತು. ಒಮ್ಮೊಮ್ಮೆ ಅಮ್ಮ ಏನೂ ಬೇಡವೆಂದು ತಲೆ ಆಡಿಸುತ್ತಿದ್ದಳು. ಬೇಕಾದಾಗ ಒತ್ತದೆ, ಬೇಡದಾಗ ಒತ್ತುತ್ತಾಳೆ ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಮೂರನೆಯ ಸಲ ಹೊದಿಕೆ ಒಗೆದ ದಿನ ಪುಟ್ಟಿಗೂ ತಾಳ್ಮೆ ತಪ್ಪಿತು. "ಬಟನ್ ಕೈಯಲ್ಲೇ ಇದೆಯಲ್ಲಮ್ಮ, ಮುಂಚೇನೇ ಒತ್ತೋಕೆ ಏನು ಕಷ್ಟ?"

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಧ್ಯಾಹ್ನದ ಹರಟೆ ಚಮಚದ ಜೊತೆಯೇ ನಿಂತುಹೋಗಿತ್ತು. ಈಗ ನೋಟವೂ ನಿಂತಿತು.

"ಡಬ್ಬೀನೇ ಕೆಟ್ಟಿರಬಹುದಲ್ಲ ಭಾವ?" ಎಂದು ಪುಟ್ಟಿ ಕೇಳಿದ್ದಳು.

ಭಾವ ನಕ್ಕ. ಪುಟ್ಟಿಯ ಡಬ್ಬಿಯ ಬದಿಯಲ್ಲಿದ್ದ ಪುಟ್ಟ ಸ್ವಿಚ್ಚನ್ನು ಒಮ್ಮೆ ಅದುಮಿ, ಅಮ್ಮನ ಕೋಣೆಗೆ ಹೋಗಿ ತಾನೇ ಬಟನ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಬೀಪ್. "ಕೇಳಿಸ್ತಾ? ಡಬ್ಬಿ ಸರಿಯಾಗೇ ಇದೆ. ಸರಿಯಿಲ್ಲದಿರೋದು..." ಎಂದು ಹೊರಗೆ ಬರುತ್ತ ತನ್ನ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದ. ಬಾಗಿಲು ತೆರೆದೇ ಇತ್ತು. ಅಮ್ಮನ ಮಾತು ಹೋಗಿತ್ತೇ ಹೊರತು ಕಣ್ಣು ಹೋಗಿರಲಿಲ್ಲ.

ಅಮ್ಮನಿಗೆ ಇನ್ನು ಏನೂ ತಿಳಿಯುವುದಿಲ್ಲ ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಊರಾಚೆ ಇಂಥವರನ್ನು ನೋಡಿಕೊಳ್ಳುವ ಜಾಗವೊಂದಿತ್ತು. ಭಾನುವಾರ ಹೋಗಿ ನೋಡಿಕೊಂಡು ಬಂದು, ಮುಂದಿನ ವಾರವೇ ಬಿಟ್ಟುಬರುವುದೆಂದಾಯಿತು. "ನಿನಗೂ ಹೊಲಿಯೋಕೆ ಮುಂದಿನ ಕೋಣೆ ಸಿಗುತ್ತಲ್ಲೇ, ಬೆಳಕು ಚೆನ್ನಾಗಿದೆ," ಎಂದಳು ಅಕ್ಕ. ಮುಂದಿನ ಕೋಣೆ ಎಂದರೆ ಅಮ್ಮನ ಕೋಣೆ. ಅಮ್ಮನನ್ನು ಅಮ್ಮನ ಮನೆಯಿಂದಲೇ ಕಳಿಸುವ ಮಾತನ್ನು, ಅಮ್ಮನ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಭಾವ ತಲೆದೂಗುತ್ತ ಕೇಳುತ್ತಿದ್ದ.

ಶನಿವಾರ ಫೋನಿನ ಗುಂಪಿನ ಗೆಳೆಯನೊಬ್ಬ ಡಬ್ಬಿ ನೋಡಲು ಬಂದ. ಗಡಿಯಾರ ರಿಪೇರಿಯವನು. ಪುಟ್ಟಿ ಕಾಫಿ ತಂದಾಗ ಭಾವನ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಇಷ್ಟು ಸಣ್ಣ ಸೆಲ್ಲಲ್ಲಿ ಒಂದು ವರ್ಷ ಹೇಗೆ ಬರುತ್ತೆ ಗುರುವೇ?" ಎಂದ ಗೆಳೆಯ.

"ಅಲ್ಲೇ ಇರೋದು ನನ್ನ ಕೈಚಳಕ! ಸದಾ ಕಿವಿ ತೆರ್ಕೊಂಡು ಕೂತ್ರೆ ಸೆಲ್ ಸತ್ತೇಹೋಗುತ್ತೆ. ಅದಕ್ಕೇ ನಿದ್ದೆ ಮಾಡ್ಸಿದೀನಿ. ಹತ್ತು ನಿಮಿಷಕ್ಕೊಂದು ಸಲ ಎದ್ದು, ಯಾರಾದ್ರೂ ಕರೆದ್ರಾ ಅಂತ ನೋಡಿ, ಮತ್ತೆ ಮಲಗುತ್ತೆ."

"ಅಲ್ಲೀವರೆಗೂ ಒತ್ತಿದವರು?"

"ಆ ಕಡೆ ಡಬ್ಬಿ ಕರೀತಾನೇ ಇರುತ್ತೆ, ಇದು ಎದ್ದಾಗ ಕೇಳಿಸ್ಕೊಳ್ಳುತ್ತೆ. ಪರೀಕ್ಷೆ ಮಾಡೋವಾಗ ಮಾತ್ರ ಈ ಸ್ವಿಚ್ ಅದುಮಿ ಎಬ್ಬಿಸಬೇಕು."

ಗೆಳೆಯ ಕಾಫಿಗೆ ಕೈ ಚಾಚಿದ. ಲೋಟ ಸಿಗಲಿಲ್ಲ. ಪುಟ್ಟಿ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಆಮೇಲೆ ಲೋಟಗಳನ್ನೆಲ್ಲ ತಂತಿಗಳ ಮೇಲೆಯೇ ಇಟ್ಟು ಅಮ್ಮನ ಕೋಣೆಗೆ ಹೋದಳು.

ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಡಗೈಯಲ್ಲಿ ಸೋಪಿನ ಡಬ್ಬಿ. ಅದರ ಮೇಲೆ ಹಸಿರು ದೀಪ ಹತ್ತಿಕೊಂಡೇ ಇತ್ತು.

ಪುಟ್ಟಿ ನೆಲದ ಮೇಲೆ ಕುಳಿತಳು. "ಅಮ್ಮ, ಅದು ನಿದ್ದೆ ಮಾಡುತ್ತಂತೆ. ನೀನು ಕರೆದಿದ್ದು ನನಗೆ ಕೇಳಿಸ್ತಾನೇ ಇರ್ಲಿಲ್ಲ. ಕೇಳಿಸಿ ಸುಮ್ಮನಿದ್ದೆ ಅಂದ್ಕೊಂಡ್ಯಾ?"

ಅಮ್ಮ ನಿಧಾನವಾಗಿ ಈ ಕಡೆ ತಿರುಗಿದಳು. ಮಗಳನ್ನು ನೋಡಿದಳು, ಕೈಯಲ್ಲಿದ್ದ ಹಸಿರು ದೀಪವನ್ನು ನೋಡಿದಳು. ಬಾಗಿಲಾಚೆ ಅಳಿಯನ ನಗು ಕೇಳುತ್ತಿತ್ತು. ಅವಳ ಬಾಯಿಯ ಎಡತುದಿ ಒಂದಿಷ್ಟು ಕೊಂಕಿತು. ಲಕ್ವ ಉಳಿಸಿಹೋದ ಆ ಅರ್ಧ ಬಾಯಿಯಲ್ಲಿ ಇದ್ದಷ್ಟು ತಾತ್ಸಾರವನ್ನು ಪುಟ್ಟಿ ಇಡೀ ಮುಖಗಳಲ್ಲೂ ಕಂಡಿರಲಿಲ್ಲ. ಅಮ್ಮ ಡಬ್ಬಿಯನ್ನು ಬಿಗಿಯಾಗಿ ಹಿಡಿದು, ಎತ್ತಿ, ಸ್ಟೀಲ್ ತಟ್ಟೆಯ ಮೇಲೆ ಬಡಿದಳು. ಮಾತ್ರೆಗಳು ಚೆಲ್ಲಾಡಿದವು. ಮತ್ತೆ ಬಡಿದಳು. ಬಿಡದೆ ಬಡಿದಳು.

"ಅಯ್ಯೋ ಅತ್ತೆ, ಒಳಗಡೆ ಬೆಸುಗೆ ಬಿಟ್ಟುಹೋಗುತ್ತೆ!" ಭಾವ ಬಾಯಿ ಬಡಿದುಕೊಳ್ಳುತ್ತ ಬಾಗಿಲಿಗೆ ಬಂದ. ಅವನ ಹಿಂದೆ ಅಕ್ಕ.

"ಅಡ್ಡ ಬರಬೇಡಿ ಭಾವ. ಅಮ್ಮ ಬಚ್ಚಲಿಗೆ ಹೋಗಬೇಕು," ಎಂದಳು ಪುಟ್ಟಿ.

ಇಬ್ಬರೂ ಮಕ್ಕಳು ಎರಡು ಕಡೆ ಹಿಡಿದು ಅಮ್ಮನನ್ನು ಕರೆದೊಯ್ದರು. ದಾರಿಯಲ್ಲಿ ಪುಟ್ಟಿ ಅಕ್ಕನಿಗೆ ಎಲ್ಲ ಹೇಳಿದಳು. ಹಾಸಿಗೆ ಅಂದು ಒಣಗಿಯೇ ಇತ್ತು. ಅಮ್ಮನನ್ನು ವಾಪಸು ತಂದು ಮಲಗಿಸುವ ಹೊತ್ತಿಗೆ ಊಟದ ಮೇಜಿನ ಮೇಲಿಂದ ಬೀಪ್ ಎಂಬ ಸದ್ದು ಬಂತು.

"ನೋಡಿದ್ರಾ, ನೋಡಿದ್ರಾ, ಸುದ್ದಿ ಮುಟ್ಟಿತು!" ಎಂದ ಭಾವ.

ಅಕ್ಕ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ರೀ, ನಾಳೆ ಎಲ್ಲಿಗೂ ಹೋಗೋದಿಲ್ಲ. ಆ ಮೇಜು ಖಾಲಿ ಮಾಡಿ. ಅಮ್ಮನ್ನ ಅಲ್ಲಿ ಕೂರಿಸಿ ಊಟ ಮಾಡಿಸ್ತೀನಿ."

"ನನ್ನ ಸಾಮಾನೆಲ್ಲ ಎಲ್ಲಿಡಲಿ?"

"ಕಕ್ಕಸಿನಲ್ಲಿಡಿ. ಕತ್ತಲಾದ್ರೆ ಕೈ ಬೀಸಿಕೊಳ್ಳಿ."

ಪುಟ್ಟಿ ಅಡುಗೆಮನೆಯಿಂದ ಚಮಚ ತಂದು ಅಮ್ಮನಿಗೆ ಕೊಟ್ಟಳು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಂಚದ ಅಂಚಿಗೆ ಸರಿಸಿಬಿಟ್ಟಳು. ಸೋಪಿನ ಡಬ್ಬಿಯೇ ಅವಳ ಕೈಗೆ ಒಗ್ಗಿತ್ತು. ಹಿಡಿತಕ್ಕೂ ಚೆನ್ನ, ಸದ್ದೂ ಜೋರು. ಆ ಮಧ್ಯಾಹ್ನ ಪುಟ್ಟಿ ಮತ್ತೆ ಯಂತ್ರ ತುಳಿದಾಗ ಗೋಡೆಯ ಆಚೆಯಿಂದ ತಟ್ಟೆಯ ಮೇಲೆ ಮೆಲ್ಲಗೆ ತಾಳ ಬಿತ್ತು. ಅವಳು ನಿಲ್ಲಿಸಿದಳು, ಅದೂ ನಿಂತಿತು.