ಯೊರ್ದನ್ ಹೊಳೆಗೆ ಕಾವಲು ನಿಂತ ಒಝೆಲ್ಲಾ

ನಲವತ್ತೇಳನೇ ಬೀದಿಯಲ್ಲಿ ಒಝೆಲ್ಲಾ ಕ್ರಂಪ್ ಕೂತದ್ದನ್ನು ಕಂಡವರಿಲ್ಲ. ಹುರಿದ ಮೀನನ್ನು ಬ್ರೆಡ್ಡಿನಲ್ಲಿಟ್ಟು ನಿಂತೇ ತಿನ್ನುವಳು, ಪಾದ್ರಿಗಳ ಎರಡು ತಾಸಿನ ಪ್ರಸಂಗವನ್ನು ಹಿಂದಿನ ಗೋಡೆಗೆ ಒರಗಿ ನಿಂತೇ ಕೇಳುವಳು. ಮಿಸಿಸಿಪ್ಪಿಯ ಹತ್ತಿಹೊಲದಲ್ಲಿ ಅವಳು ನಿಂತೇ ಹುಟ್ಟಿದಳಂತೆ. ಹತ್ತು ವರ್ಷದವಳಾಗಿದ್ದಾಗ ಷಿಕಾಗೊವರೆಗೂ ರೈಲಿನಲ್ಲಿ ನಿಂತೇ ಬಂದಳಂತೆ. ಇವಳನ್ನು ಮುಂದೆ ಹೂಳಲು ಗುಂಡಿಯನ್ನು ಬಾವಿಯಂತೆ ತೋಡಬೇಕಾದೀತೆಂದು ಹೆಣದ ಪೆಟ್ಟಿಗೆ ಮಾರುವವನು ಆಗಲೇ ಚಿಂತೆಯಲ್ಲಿದ್ದ.

ಬೋರ್ಡು ಬರೆಯುವುದು ಅವಳ ಕಸುಬು. ಕ್ಷೌರದಂಗಡಿ, ಮೀನಂಗಡಿ, ಹೆಣದ ಪೆಟ್ಟಿಗೆಯ ಅಂಗಡಿ, ಎಲ್ಲದರ ಹಣೆಬರಹವೂ ಅವಳದೇ. ಅದರ ಜೊತೆಗೆ ಯೋಹಾನ ಯೇಸುವಿಗೆ ಸ್ನಾನ ಮಾಡಿಸಿದ ಯೊರ್ದನ್ ಹೊಳೆಯ ಚಿತ್ರ. ನಮ್ಮ ಚರ್ಚ್ ಸಭೆಗಳಲ್ಲಿ ದೀಕ್ಷಾಸ್ನಾನದ ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಆ ಹೊಳೆ ಹರಿಯದಿದ್ದರೆ ಮುಳುಗಿದವರಿಗೆ ಮುಳುಗಿದ ಹಾಗೇ ಅನಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಒಝೆಲ್ಲಾ ಹನ್ನೊಂದು ಯೊರ್ದನ್‌ಗಳನ್ನು ಹರಿಸಿದ್ದಳು. ಹನ್ನೊಂದರಲ್ಲೂ ಯೇಸು ಗುಲಾಬಿ, ಯೋಹಾನ ಇನ್ನೂ ಗುಲಾಬಿ. ಬಣ್ಣದ ಡಬ್ಬದ ಮೇಲೆ ‘ಮೈಬಣ್ಣ’ ಎಂದು ಅಚ್ಚು ಹಾಕಿದ್ದರು. ಡಬ್ಬದ ಜೊತೆ ವಾದ ಮಾಡುವವರು ಯಾರು? ಬಣ್ಣ ಹದವಾಗಿದೆಯೇ ಎಂದು ಅವಳು ಮುಂಗೈ ಮೇಲೆ ಒಂದು ಗೀರು ಎಳೆದು ನೋಡುತ್ತಿದ್ದಳು. ಎದ್ದು ಕಂಡರೆ ಸರಿ, ಮೈಬಣ್ಣ ಸಿದ್ಧ.

ಸಾವಿರದ ಒಂಬೈನೂರ ಅರವತ್ತೇಳರ ವಸಂತದಲ್ಲಿ ಅವಳದೇ ಸಭೆಯ ಗೋಡೆ ಸೋರಿ, ಅವಳಿಗಿಂತ ಮುಂಚೆ ಯಾರೋ ಬರೆದಿದ್ದ ಹಳೆಯ ಚಿತ್ರ ಉದುರಿತು. ಹೊಸದಾಗಿ ಬರೆಯಲು ಹೊರಟ ಒಝೆಲ್ಲಾ ದಡದ ಮರಕ್ಕೆಂದು ಕಂದು ಬಣ್ಣ ಕಲಸಿ ಮುಂಗೈಗೆ ಹಚ್ಚಿದಳು. ಕಾಣಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಊಹೂಂ. ಕಿಟಕಿಯ ಬಳಿ ಹೋಗಿ ಕೈಯನ್ನು ಓರೆ ಮಾಡಿದಾಗ ಹಸಿ ಗೀರು ಬಿಸಿಲಿಗೆ ಮಿನುಗಿತು. ಬಣ್ಣ ಇತ್ತು, ಕೈ ಯಾವುದು, ಬಣ್ಣ ಯಾವುದು ಎಂದು ತಿಳಿಯುವ ಹಾಗಿರಲಿಲ್ಲ.

ನಿಂತಲ್ಲೇ ಅವಳಿಗೆ ಒಂದು ನೆನಪಾಯಿತು. ಹಿಂದಿನ ವರ್ಷ ಕರಿಯರಿಗೂ ಬಿಳಿಯರ ಬಡಾವಣೆಯಲ್ಲಿ ಬಾಡಿಗೆಮನೆ ಕೊಡಬೇಕೆಂಬ ಮೆರವಣಿಗೆಗೆ ಇನ್ನೂರು ಫಲಕ ಬರೆದುಕೊಟ್ಟವಳು ತಾನು; ಕೆಲಸವಿದೆಯೆಂದು ನಡೆಯಲು ಮಾತ್ರ ಹೋಗಿರಲಿಲ್ಲ. ಆಮೇಲೆ ಗುಲಾಬಿ ಡಬ್ಬದ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಬಿಗಿದಳು.

ಶನಿವಾರ ಮಧ್ಯಾಹ್ನ ತೆರೆ ಸರಿಸಿದಾಗ ಸಭೆಯ ಹಿರಿಯ ಲೂಷಿಯಸ್ ಮೇಬ್ರಿಯ ಬಾಯಿಂದ ಹಲ್ಲಿನ ಸೆಟ್ಟೇ ಬೀಳುವುದರಲ್ಲಿತ್ತು.

“ಒಝೆಲ್ಲಾ, ಏನಮ್ಮ ಇದು? ಯೇಸುನ ಮೀನಂಗಡಿ ಹುಡುಗನ ಥರ ಕಪ್ಪಗೆ ಮಾಡಿಟ್ಟಿದೀಯಲ್ಲ!”

“ಯೇಸುಗೂ ಮೀನಿನವರದೇ ಸಹವಾಸ ಅಲ್ವಾ ಅಣ್ಣ.”

“ತಮಾಷೆ ಬೇಡ! ನಾಳೆ ಏಳು ಜನಕ್ಕೆ ಸ್ನಾನ ಇದೆ. ಊರೆಲ್ಲ ನಗತ್ತೆ. ಸುಣ್ಣ ಹೊಡೆಸ್ತೀನಿ ನೋಡ್ತಿರು.”

ಅವನು ಸುಣ್ಣ ತರಲು ಹೋದ. ಆ ಗೋಡೆಗೆ ಹೋಗಬೇಕಾದರೆ ತೊಟ್ಟಿಗಿಳಿದೇ ಹೋಗಬೇಕು, ತೊಟ್ಟಿಯನ್ನು ಬೆಳಿಗ್ಗೆಯೇ ತುಂಬಿಸಿಯಾಗಿತ್ತು. ಪಾದ್ರಿ ಟೀಗ್ ಸ್ನಾನ ಕೊಡುವಾಗ ನಿಲುವಂಗಿಯೊಳಗೆ ತೊಡುತ್ತಿದ್ದ, ಪಾದದಿಂದ ಎದೆಯವರೆಗೂ ಒಂದೇ ತುಂಡಾಗಿದ್ದ ರಬ್ಬರ್ ಬೂಟು ಮೊಳೆಗೆ ನೇತಾಡುತ್ತಿತ್ತು. ಆರಡಿ ಪಾದ್ರಿಯ ಆ ಕವಚವನ್ನು ಐದಡಿಯ ಒಝೆಲ್ಲಾ ತೊಟ್ಟು, ಕುಂಚವನ್ನು ಗದೆಯಂತೆ ಹಿಡಿದು, ಸೊಂಟಮಟ್ಟದ ತಣ್ಣೀರಿಗೆ ಇಳಿದಳು.

“ನನ್ನ ಬೂಟು!” ಎಂದು ಪಾದ್ರಿ ಕೂಗಿದ. ಇಡೀ ಪ್ರಕರಣದಲ್ಲಿ ಅವನು ತಳೆದ ನಿಲುವು ಅದೊಂದೇ.

ಒಂದು ತಾಸಾಯಿತು, ಎರಡಾಯಿತು. ಸುಣ್ಣದ ಬಕೆಟ್ಟಿನೊಡನೆ ಮೇಬ್ರಿ ಮೆಟ್ಟಿಲ ಮೇಲೆ, ನೀರಿನಲ್ಲಿ ಒಝೆಲ್ಲಾ. ಹಾಡುವ ಗುಂಪಿನ ಹೆಂಗಸರು ಬಂದು ಇಬ್ಬರಿಗೂ ಬೈದರು.

“ಮೇಲೆ ಬಾ ಮಾರಾಯ್ತಿ, ಶೀತ ಆಗತ್ತೆ.”

“ಬಕೆಟ್ ಆಚೆ ಹೋಗ್ಲಿ, ಬರ್ತೀನಿ.”

“ಹನ್ನೊಂದು ಕಡೆ ಇಲ್ಲದ್ದು ಇಲ್ಲೇ ಯಾಕೆ?” ಎಂದ ಮೇಬ್ರಿ.

“ಹನ್ನೊಂದು ಕಡೇನೂ ತಪ್ಪು ಮಾಡಿದೆ ಅಣ್ಣ. ಹೊಳೇಲಿ ಎಲ್ಲರನ್ನೂ ನಿಲ್ಲಿಸಿದೆ, ನಮ್ಮೋರೊಬ್ಬರನ್ನೂ ನಿಲ್ಲಿಸ್ಲಿಲ್ಲ. ಇದನ್ನ ಅಳಿಸಿದ್ರೆ ಮತ್ತೆ ಬರೀತೀನಿ. ಸುಣ್ಣ ನಿಮ್ಮ ಹತ್ರ ಎಷ್ಟಿದೆಯೋ ನೋಡೋಣ.”

ನಾಲ್ಕನೇ ತಾಸಿಗೆ ಮೇಬ್ರಿಯ ತಾಳ್ಮೆ ಮುಗಿಯಿತು. ಷೂ ಸಮೇತ ನೀರಿಗಿಳಿದು, ಅವಳನ್ನು ಸುತ್ತಿಕೊಂಡು ಹೋಗಿ, ಗೋಡೆಗೆ ಬ್ರಷ್ಷು ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಯೇಸುವಿನ ಬೆನ್ನಿಗೆ ಆಸರೆಯಾಗಿದ್ದ ಯೋಹಾನನ ಕೈಯಲ್ಲಿ ಕಿರುಬೆರಳು ಸೊಟ್ಟಗಿತ್ತು. ಮೂವತ್ತು ವರ್ಷ ರೈಲಿನಲ್ಲಿ ಬಿಳಿಯರ ಹಾಸಿಗೆ ಹಾಸಿ, ಅವರು ಕರೆದ ಹೆಸರಿಗೆಲ್ಲ ಓಗೊಟ್ಟು, ಒಂದು ದಿನ ಬಾಗಿಲಿಗೆ ಸಿಕ್ಕಿ ಮುರಿದುಕೊಂಡ ಬೆರಳು.

“ಇದು ನಂದು,” ಎಂದ ಮೆಲ್ಲಗೆ.

“ಇನ್ಯಾರದ್ದು ಹಾಕ್ಲಿ? ಹನ್ನೊಂದನೇ ವಯಸ್ಸಲ್ಲಿ ನಾನು ಇದೇ ತೊಟ್ಟೀಲಿ ಹೆದರಿ ಒದ್ದಾಡಿದಾಗ ಬೆನ್ನು ಹಿಡಿದಿದ್ದು ಇದೇ ಕೈ ಅಲ್ವಾ?”

ಮೇಬ್ರಿ ತನ್ನ ಕೈಯನ್ನು ಗೋಡೆಯ ಕೈಯ ಪಕ್ಕದಲ್ಲಿ ಇಟ್ಟು ನೋಡಿದ. ಆಮೇಲೆ “ಗಡ್ಡ ನಂದಲ್ಲ, ಹೇಳಿಬಿಟ್ಟಿದೀನಿ,” ಎಂದು ಗೊಣಗಿ, ಬಕೆಟ್ಟೆತ್ತಿಕೊಂಡು ಹೋದ. ಅವನ ಷೂ ಪಚಪಚ ಸದ್ದು ಮಾಡುತ್ತಿತ್ತು.

ಭಾನುವಾರ ಏಳು ಮಂದಿ ಆ ಹೊಳೆಯ ಮುಂದೆ ಮುಳುಗಿ ಎದ್ದರು. ಮೇಬ್ರಿ ಬಂದವರಿಗೆಲ್ಲ ಕಿರುಬೆರಳನ್ನು ತೋರಿಸುತ್ತ ಬಾಗಿಲಲ್ಲೇ ನಿಂತಿದ್ದ. ಉಳಿದ ಹನ್ನೊಂದು ಸಭೆಗಳಿಗೂ ಒಝೆಲ್ಲಾ ಚೀಟಿ ಕಳಿಸಿದಳು: ‘ನಿಮ್ಮ ಹೊಳೆ ತಿದ್ದುವುದಿದೆ, ಬರುತ್ತಿದ್ದೇನೆ.’

ಸುದ್ದಿ ಕೇಳಿ, ಬೀದಿಯ ಗೋಡೆಗಳಲ್ಲಿ ನಮ್ಮವರ ಚಿತ್ರ ಬರೆಯುವ ಗುಂಪಿನ ತರುಣಿ ಡೆಲ್ಫೀನ್ ಪುಸ್ತಕ ಪೆನ್ಸಿಲು ಹಿಡಿದು ಬಂದಳು. ಒಝೆಲ್ಲಾ ಏಣಿಯ ಮೇಲಿದ್ದಳು.

“ಆಂಟಿ, ನಾಲ್ಕು ತಾಸು! ತೊಟ್ಟಿಗೆ ಮೆಟ್ಟಿಲಿತ್ತು, ಆದ್ರೂ ಒಂದು ಗಳಿಗೆ ಕೂರಲಿಲ್ಲ. ನಮ್ಮ ಜನಕ್ಕೋಸ್ಕರ ಹಾಗೆ ನಿಲ್ಲೋ ಶಕ್ತಿ ಎಲ್ಲಿಂದ ಬಂತು?”

ಒಝೆಲ್ಲಾ ಕುಂಚವನ್ನು ಡಬ್ಬದ ಅಂಚಿಗೆ ಒರೆಸಿದಳು.

“ಪಾದ್ರಿಗಳ ಬೂಟು ನಂಗೆ ದೊಡ್ಡದು ಕಣಮ್ಮ. ಕೂತಿದ್ರೆ ಅದರ ಬಾಯಿ ಬಾಗಿ ಒಳಗೆ ನೀರು ತುಂಬ್ಕೊಳ್ತಿತ್ತು.”