ಜಮ್ಮಾ ಭೂಮಿಗೆ ಬರೆಸದೆ ಬಿಟ್ಟ ಹೆಸರು

ವಂಶವೃಕ್ಷದಲ್ಲಿ ಅಕ್ಕನ ಹೆಸರು ಬರೆಸಬೇಕಾಗಿದ್ದವನು ನಾನು. ಬರೆಸಲಿಲ್ಲ.

ನಮ್ಮದು ಜಮ್ಮಾ ಭೂಮಿ. ಬ್ರಿಟಿಷರು ಕೊಡಗಿಗೆಂದು ಮಾಡಿದ ಕಂದಾಯ ಕಾನೂನಿನಂತೆ ಅದನ್ನು ಮನಸ್ಸಿಗೆ ಬಂದಂತೆ ಒಡೆಯುವಂತಿರಲಿಲ್ಲ, ಮಾರುವಂತಿರಲಿಲ್ಲ. ದಾಖಲೆಯಲ್ಲಿ ಇಡೀ ಕುಟುಂಬದ ಪರವಾಗಿ ಹಿರಿಯನೊಬ್ಬನದು, ಪಟ್ಟೇದಾರನದು, ಮಾತ್ರ ಹೆಸರು. ಆ ಸರ್ಕಾರ ಹೋಗಿ ಇಷ್ಟು ಕಾಲವಾದರೂ ನಮ್ಮ ಪಹಣಿಯಲ್ಲಿ ಮುತ್ತಜ್ಜನ ಹೆಸರೇ ಇತ್ತು. ಸರಿಪಡಿಸಲು ಈ ವರ್ಷ ಅರ್ಜಿ ಹಾಕಿದೆ. ಅದರ ಜೊತೆ ವಂಶವೃಕ್ಷ ಕೊಡಬೇಕು.

ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತೋಟದ ಕೆಳಗೆ ಹಿಂದೆ ಲೆಕ್ಕ ಬರೆಯುವ ರೈಟರ್ ಇರುತ್ತಿದ್ದ ಹಳೇ ಮನೆಯಲ್ಲಿದ್ದಾಳೆ. ಸುತ್ತಲಿನ ಕಾಫಿ ಅವಳೇ ನೋಡಿಕೊಳ್ಳುವುದು. ಹೆಸರು ಸೇರಿದರೆ ಅಷ್ಟನ್ನು ತನ್ನದೆಂದು ಕೇಳಬಹುದಿತ್ತು. ಅವಳು ಸೇರಿಸು ಅಂದಾಗ, "ಜಮ್ಮಾ ಅಲ್ವಾ ಅಕ್ಕ, ಬ್ರಿಟಿಷರ ಕಾನೂನು. ಮದುವೆಯಾಗಿ ಹೋದವರನ್ನ ಸೇರಿಸಕ್ಕೆ ಬಿಡಲ್ಲ" ಅಂದೆ. ನಾನು ಓದಿದ್ದು ಆರನೇ ಕ್ಲಾಸು. ಆ ಕಾನೂನಿನ ಒಂದು ಸಾಲೂ ಕಂಡವನಲ್ಲ. ಹೆಣ್ಣುಮಕ್ಕಳನ್ನೂ ಬರೆಸಬೇಕೆಂದು ಹೊಸದಾಗಿ ಬಂದ ಗ್ರಾಮ ಲೆಕ್ಕಿಗರು ಹೇಳಿಯೇ ಇದ್ದರು. "ಅಕ್ಕ ತಂಗಿ ಯಾರಾದರೂ?" ಎಂದು ಕೇಳಿದರು. "ಇಲ್ಲ ಸಾರ್" ಎಂದು ಸಹಿ ಹಾಕಿದೆ.

ತಕರಾರಿದ್ದವರು ತಿಳಿಸಿ ಎಂದು ಅವರ ಕಚೇರಿಯ ಗೋಡೆಗೆ ನೋಟಿಸು ಅಂಟಿಸಿದರು. ಕೊನೆಯ ದಿನ ಬೆಳಿಗ್ಗೆ ಅಕ್ಕ ನನ್ನ ಅಂಗಳದಲ್ಲಿ ನಿಂತಿದ್ದಳು.

"ಜೀಪು ತೆಗಿ. ನೋಟಿಸು ನೋಡಿ ಬರುವ."

"ಅದರಲ್ಲಿ ಎಂಥ ನೋಡೋದು? ಸತ್ತವರ ಹೆಸರು."

"ಅಪ್ಪನ ಹೆಸರು ಸರ್ಕಾರದ ಕಾಗದದಲ್ಲಿ ನಾನು ನೋಡ್ಲೇ ಇಲ್ಲ ಮಾರಾಯ. ನಿನ್ನ ಜೀಪು ಸವೆಯೋದಾದ್ರೆ ನಡ್ಕೊಂಡೇ ಹೋಗ್ತೇನೆ."

ದಾರಿಯಲ್ಲಿ ಎರಡು ಸಲ ಕ್ಲಚ್ ತಪ್ಪಿ ಜೀಪು ಆಫ್ ಮಾಡಿಬಿಟ್ಟೆ. ಏರಿನಲ್ಲೂ ಅಲ್ಲ, ಸಮ ರಸ್ತೆಯಲ್ಲಿ. ಅಕ್ಕ ನಕ್ಕಳು.

ಗೋಡೆಯ ಮುಂದೆ ನಿಂತು, "ಕನ್ನಡಕ ಮರೆತೆ. ನೀನೇ ಓದು. ಮೇಷ್ಟ್ರ ಕೈಲಿ ತಿಂದ ಏಟು ಒಂದು ದಿನಕ್ಕಾದ್ರೂ ಉಪಯೋಗಕ್ಕೆ ಬರ್ಲಿ" ಅಂದಳು.

ಬೆರಳಿಟ್ಟು ಓದಿದೆ. ಮುತ್ತಜ್ಜ, ಅಜ್ಜ, ಅಪ್ಪ. ಅಕ್ಕ ಅಪ್ಪನ ಹೆಸರು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅಪ್ಪನ ಕೆಳಗೆ?"

"ನಾನು."

"ಮತ್ತೆ? ಮದುವೆಯಾಗಿ ಹೋದಳು ಅಂತಾದ್ರೂ ಬರ್ದಿರ್ಬೇಕಲ್ಲ?"

ಬರೆದಿದೆ ಎಂದಿದ್ದರೆ ನಂಬುತ್ತಿದ್ದಳು. ಸಂಜೆಗೆ ಗಡುವು ಮುಗಿಯುತ್ತಿತ್ತು. ನನ್ನ ಬೆರಳು ಕಾಗದದ ಖಾಲಿ ಜಾಗದಲ್ಲೇ ನಿಂತಿತ್ತು, ತೆಗೆಯಲಾಗಲಿಲ್ಲ. ಒಳಗೆ ಗ್ರಾಮ ಲೆಕ್ಕಿಗರು ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದರು.

"ಅಕ್ಕಾ, ಅಪ್ಪನಿಗೆ ಹೆಣ್ಣುಮಕ್ಕಳೇ ಇಲ್ಲ ಅಂತ ನಾನೇ ಬರ್ದುಕೊಟ್ಟೆ. ಬ್ರಿಟಿಷರ ಕಾನೂನು ಬಿಡಲ್ಲ ಅಂದದ್ದು ಸುಳ್ಳು. ನನ್ನಿಂದ ತಪ್ಪಾಯ್ತು. ಬಾ, ಅವರೆದುರೂ ಇದನ್ನೇ ಹೇಳ್ತೇನೆ."